ನೂಲಿನ ಸೋಡಾ

ಮೊಮ್ಮಗಳು ಮುಖಕ್ಕೆ ಹಚ್ಚಿಕೊಳ್ಳಲು ಕಡಲೆಹಿಟ್ಟಿಗೆ ಕೆನೆ ಕಲಸಿದರೆ ನಾನು ಇಂದಿಗೂ ಎದ್ದು ಹೊರಗೆ ಹೋಗುತ್ತೇನೆ.

ಏಕೀಕರಣವಾದ ವರ್ಷ ಬೆಟಗೇರಿಯ ನಮ್ಮ ಮಗ್ಗದ ಮನೆಗೆ ಅಕ್ಕನನ್ನು ನೋಡಲು ಮುಂಡರಗಿಯವರು ಬರುವವರಿದ್ದರು. ಆಗಲೇ ಎರಡು ಕಡೆಯವರು "ಹುಡುಗಿ ಕಪ್ಪಗದಾಳ" ಎಂದು ಎದ್ದು ಹೋಗಿದ್ದರು. "ಕೂಸಿಗೆ ಕೆನಿ, ಹರೇದ ಜಿಡ್ಡ ಮಾರಿಗೆ ಕಡ್ಲಿಹಿಟ್ಟು, ನನ್ನಂಥ ಒಣಾ ತೊಗಲಿಗೆ ಕುಸುಬಿ ಎಣ್ಣಿ," ಎನ್ನುತ್ತ ಅಜ್ಜಿ ತಿಂಗಳಿಂದ ಅಕ್ಕನಿಗೆ ಹಿಟ್ಟು ಹಚ್ಚುತ್ತಿದ್ದಳು. ಬಣ್ಣ ಮಾತ್ರ ಇದ್ದಂತೆಯೇ ಇತ್ತು.

ಅವರು ಬರುವ ದಿನ ಮಧ್ಯಾಹ್ನ ಅಕ್ಕ ನನ್ನ ಕಿವಿಯಲ್ಲಿ, "ಅಪ್ಪ ನೂಲು ಬೆಳ್ಳಗ ಮಾಡೋ ಸೋಡಾ ಒಂದು ಮುಟಿಗಿ ತಾ, ಜಲ್ದಿ," ಎಂದಳು. ತಂದುಕೊಟ್ಟೆ. ಹಿಟ್ಟಿನಲ್ಲಿ ಕಲಸಿ ಗಸಗಸ ತಿಕ್ಕಿಕೊಂಡಳು.

ಚೀರಿದ್ದು ಕೇಳಿ ಅಜ್ಜಿ ಓಡಿಬಂದು ನೀರು ಸುರಿಯುವಷ್ಟರಲ್ಲಿ ಕೆನ್ನೆ ಕೆಂಪಾಗಿ ಸುಲಿದಿತ್ತು. "ಯಾಕ ಹಿಂಗ ಮಾಡ್ಕೊಂಡಿ ನನ್ನವ್ವಾ," ಎಂದು ಅಳುತ್ತ ಗಡಿಗೆಯಲ್ಲಿದ್ದ ಕೆನೆಯನ್ನೆಲ್ಲ ಬಳಿದಳು. ಕಣ್ಣು ಬಿಡಲಾಗದೆ ಅಕ್ಕ ಕೇಳಿದಳು: "ಅಜ್ಜಿ, ಸ್ವಲ್ಪರ ಬೆಳ್ಳಗ ಆಗೇನೇನ?"

ಅಷ್ಟರಲ್ಲಿ ಮುಂಡರಗಿಯವರು ಬಂದೇಬಿಟ್ಟರು. ಬಾಗಿಲಲ್ಲಿ ಹೆಂಗಸೊಬ್ಬಳ ದನಿ ಕೇಳಿಸಿತು: "ಕಾಲಿಗೆ ನೀರು ಹುಡುಗಿ ಕೈಯಾಗನ ಕೊಟ್ಟು ಕಳಸ್ರಿ."