ಬೆಳ್ಳಗಿನ ನೀರು

"ಏ, ಹಾರಬೇಡ! ಹಿಂದೆ ಬಾ!"

ಗೇಟು ಕಾಯುವ ಭುಜಂಗ ಕೂಗುವಷ್ಟರಲ್ಲಿ ಕೆಲಸದ ಹುಡುಗ ಬ್ರಯಾನ್ ತೊಟ್ಟಿ ದಾಟಿಯಾಗಿತ್ತು.

ಕಾರ್ಕಳದಾಚೆಯ ಆ ಮೊಟ್ಟೆಕೋಳಿ ಫಾರ್ಮಿನಲ್ಲಿ ಗೇಟು ದಾಟುವವರೆಲ್ಲ ತೊಟ್ಟಿಯ ಮದ್ದಿನ ನೀರಿನಲ್ಲಿ ಪಾದ ಅದ್ದಬೇಕು. ಪಕ್ಕದೂರಿನ ಫಾರ್ಮಿಗೆ ರೋಗ ಬಂದು ಕೋಳಿಗಳನ್ನೆಲ್ಲ ಹೂತ ಮೇಲೆ ಧಣಿ ಜನಾರ್ದನರು ಇನ್ನೊಂದು ಸೇರಿಸಿದರು: ಪ್ರತಿಯೊಬ್ಬರ ಜೊತೆಗೂ ಭುಜಂಗ ಶೆಡ್ಡಿನವರೆಗೆ ಹೋಗಬೇಕು. ದಿನಕ್ಕೆ ನಲವತ್ತು ಸಲ ಅವನ ಕಾಲೂ ತೊಟ್ಟಿಗೆ. "ಇಲ್ಲಿ ರೋಗ ಹೊಕ್ಕರೆ ಕೋಳಿಗಿಂತ ಮೊದಲು ನಿನ್ನ ಕೆಲಸಕ್ಕೆ ಗುಂಡಿ" ಎಂದಿದ್ದರು.

"ಆ ನೀರು ಹುಳಿ ನಾರುತ್ತದೆ ಮಾರಾಯ್ರೆ," ಅಂದ ಬ್ರಯಾನ್.

"ಮದ್ದಿಗೆ ಮತ್ತೆಂತ, ಶಂಕರಪುರ ಮಲ್ಲಿಗೆಯ ಪರಿಮಳ ಬರಬೇಕಾ?"

ಕೊರೊನಾ ಬಂದು ಹೋದಲ್ಲಿಂದ ಭುಜಂಗನ ಮೂಗಿಗೆ ಮಲ್ಲಿಗೆಯೂ ಒಂದೇ, ಕೋಳಿಗೊಬ್ಬರವೂ ಒಂದೇ.

ಅವನಿಗೆ ಸುಸ್ತು. ಮೊದಲು ಆ ಮದ್ದಿಗೆ ಪಾದ ಸೀಳಿ ರಕ್ತ ಬರುತ್ತಿತ್ತು, ನಿದ್ದೆಯಿಲ್ಲ. ಎರಡು ತಿಂಗಳಿಂದ ಪುಣ್ಯಕ್ಕೆ ವಾಸಿ. ಹೆಂಡತಿ ಬೇಬಿ ಹಚ್ಚುವ ತೆಂಗಿನೆಣ್ಣೆಯ ಗುಣ ಅಂದುಕೊಂಡಿದ್ದ. ಬೆಳಿಗ್ಗೆ ಮದ್ದು ಕಲಸಿ ತೊಟ್ಟಿಗೆ ಬೆಳ್ಳಗಿನ ನೀರು ತುಂಬುವವಳೂ ಅವಳೇ, ಕೆಲಸದವರಿಗೆ ಗಂಜಿ ಬೇಯಿಸುವವಳೂ ಅವಳೇ.

ಮಧ್ಯಾಹ್ನ ಬ್ರಯಾನ್ ಬಟ್ಟಲು ಎತ್ತಿ ತೋರಿಸಿದ. "ಬೇಬಿಯಕ್ಕಾ, ಇದು ಗಂಜಿಯಾ ಅನ್ನವಾ? ತಿಳಿ ಒಂದು ಹನಿ ಇಲ್ಲ!"

"ಬಾಯಿ ಮುಚ್ಚಿಕೊಂಡು ಉಣ್ಣು," ಅಂದಳು ಬೇಬಿ. ಉಳಿದವರು ನಕ್ಕರು. ಅವಳು ನಗಲಿಲ್ಲ.

ಗುರುವಾರ ಹನ್ನೊಂದು ಕೋಳಿ ಸತ್ತಿದ್ದವು. ಶುಕ್ರವಾರ ತೊಂಬತ್ತು. ಮೈತುಂಬ ಬಿಳಿ ಉಡುಪು ತೊಟ್ಟು ಬಂದ ಡಾಕ್ಟರು ನೋಡಿ, ತಲೆಯಾಡಿಸಿ, ಗುಂಡಿ ತೋಡಲು ಹೇಳಿದರು.

"ತೊಟ್ಟಿಗೆ ಕಾಲಿಡದೆ ಒಳಗೆ ಹೋದವರು ಯಾರು?" ಧಣಿಗಳು ಕೇಳಿದರು.

ಭುಜಂಗ ನೆಲ ನೋಡಿದ. "ಬ್ರಯಾನ್."

ಧಣಿಗಳು ಕೆಲಸದಿಂದ ತೆಗೆದಾಗ ಬ್ರಯಾನ್ ಜಗಳಕ್ಕೆ ನಿಲ್ಲಲಿಲ್ಲ. ಚೀಲ ಹೆಗಲಿಗೇರಿಸಿ ಗೇಟಿನಲ್ಲಿ ಒಂದು ಕ್ಷಣ ನಿಂತ. "ಭುಜಂಗಣ್ಣ, ನನ್ನದು ತಪ್ಪೇ. ಆದರೆ ಆ ನೀರನ್ನು ಒಮ್ಮೆ ಮೂಗಿದ್ದವರಿಂದ ಮೂಸಿಸಿ ನೋಡಿ." ಉದ್ಯಾವರದ ದಾರಿಯ ಬಸ್ಸು ಅವನನ್ನು ಹತ್ತಿಸಿಕೊಂಡು ಹೋಯಿತು.

ಸಂಜೆ ಗುಂಡಿಗೆ ಸುರಿಯಲು ಮದ್ದು ಬೇಕೆಂದರು. ಭುಜಂಗ ಕಾಲೆಳೆಯುತ್ತ ಅಡುಗೆಕೋಣೆಯ ಹಿಂದೆ ಹೋದ. ಕಟ್ಟಿಗೆಯ ಮರೆಯಲ್ಲಿ ಮದ್ದಿನ ಕ್ಯಾನುಗಳು ಸಾಲಾಗಿದ್ದವು. ಎರಡು ತಿಂಗಳಿನವು. ಒಂದರ ಸೀಲೂ ಒಡೆದಿರಲಿಲ್ಲ.

"ಬೇಬಿ... ಇದೆಂತ?"

ಬಾಗಿಲಲ್ಲಿ ನಿಂತಿದ್ದ ಬೇಬಿ ಅವನ ಮುಖ ನೋಡಲಿಲ್ಲ, ಪಾದ ನೋಡಿದಳು.

"ನಿಮ್ಮ ಕಾಲಿನ ರಕ್ತ ನನ್ನಿಂದ ನೋಡಲಿಕ್ಕಾಗಲಿಲ್ಲ. ಗಂಜಿತಿಳಿಯೂ ಬೆಳ್ಳಗೇ ಉಂಟಲ್ವಾ?"