ಎರಡನೇ ಬ್ಯಾಟರಿ

ವೈರಿನ ಪ್ಲಾಸ್ಟಿಕ್ ಬಿಸಿಗೆ ಮುದುಡುವ ವಾಸನೆ ಬಂದರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ಕೋವಿಡ್ಡಿನ ಮೊದಲ ಬೇಸಿಗೆ. ಅಮೆರಿಕದ ಜಾನ್ಸ್ ಕ್ರೀಕಿನ ನಮ್ಮ ಗ್ಯಾರೇಜಿನಲ್ಲಿ ಅಪ್ಪ ಫೋರ್‌ವೀಲ್ ಡ್ರೈವ್ ಗಾಡಿಗೆ ಎರಡನೇ ಬ್ಯಾಟರಿ ಕೂರಿಸುತ್ತಿದ್ದರು. "ಕ್ಯಾಂಪಿಂಗ್‌ಗೆ ಪುಟ್ಟಿ, ಫ್ರಿಡ್ಜ್ ಇಡೋಕೆ" ಅಂದರು. ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಟೆಂಟಿನಲ್ಲಿ ಮಲಗಿದವರಲ್ಲ. ನಾನು ಫ್ಲ್ಯಾಶ್‌ಲೈಟ್ ಹಿಡಿದು ನಿಂತಿದ್ದೆ. ಹೆಬ್ಬೆರಳು ದಪ್ಪದ ಕೆಂಪು ಕೇಬಲ್ಲು ಬಗ್ಗಿಸಿದಷ್ಟೂ ಸೆಟೆಯುತ್ತಿತ್ತು. ಅದರ ತುದಿಗೆ ತೊಡಿಸಿದ ಪ್ಲಾಸ್ಟಿಕ್ಕನ್ನು ಅಪ್ಪ ಬಿಸಿಗಾಳಿ ಹಿಡಿದು ಮುದುಡಿಸಿದರು.

ಕೊನೆಗೆ ಟೆಸ್ಟ್ ಮಾಡಲು ಅಪ್ಪ ಸಿಕ್ಕಿಸಿದ್ದು ಫ್ರಿಡ್ಜನ್ನಲ್ಲ, ಅಮ್ಮನ ಮಂಚದ ಪಕ್ಕದ ಆಕ್ಸಿಜನ್ ಮೆಷಿನ್ನನ್ನು. ಅದು ಗಾಡಿಯೊಳಗೆ ಗುಂಯ್ ಎಂದಿತು.

ಅಷ್ಟರಲ್ಲಿ ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಂದಳು. ಬಾಗಿಲಿಗೆ ಒರಗಿ ಉಸಿರು ಎಳೆದುಕೊಂಡು, ಹೊಸ ಬ್ಯಾಟರಿಗೆ ಬೊಟ್ಟಿಟ್ಟಳು.

"ಆಸ್ಪತ್ರೆ ಮುಂದೆ ಕ್ಯೂ ಇದ್ರೆ ಏನ್ರೀ ಮಾಡೋದು?"

"ಎಂಜಿನ್ ಆಫ್ ಮಾಡಿ ಕಾಯೋಣ, ಮೆಷಿನ್ ಈ ಹೊಸ ಬ್ಯಾಟರಿ ಮೇಲೆ ಓಡತ್ತೆ. ಇದು ಪೂರ್ತಿ ಇಳಿದುಹೋದ್ರೂ ಹಳೇ ಬ್ಯಾಟರಿಗೆ ಏನೂ ಆಗಲ್ಲ. ವಾಪಸ್ ಬರೋಕೆ ಗಾಡಿ ಸ್ಟಾರ್ಟ್ ಆಗತ್ತೆ."

ಅಮ್ಮ ಬೆರಳಿನ ಕುಂಕುಮವನ್ನು ನೈಟಿಗೆ ಒರೆಸಿಕೊಂಡು ನನ್ನ ತಲೆ ಸವರಿದಳು.

"ಹಾಗಾದ್ರೆ ಸರಿ. ನೀವಿಬ್ರೂ ಮನೆಗೆ ಬಂದ್ಬಿಡಬಹುದು."

ಅಪ್ಪ ಆಗಲೇ ಬಿಗಿದಿದ್ದ ನಟ್ಟನ್ನೇ ಮತ್ತೆ ಬಿಗಿಯತೊಡಗಿದರು.