ಶುಕ್ರವಾರದ ಮಾಸ್ಕ್

"ಕಿಟಕಿ ಹಾಕಪ್ಪ. ಫೋನ್ ಬರೋ ಹೊತ್ತಾತು," ಎಂದು ಮಂಚದ ಮೇಲಿನ ಮುದುಕಿ ಅವಸರಪಡಿಸಿದಳು.

ಪರಮೇಶ ಕಿಟಕಿ ಮುಚ್ಚಿ, ಸಂದಿಗೆ ಹಳೇ ಪಂಚೆ ತುರುಕಿದ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಮನೆ ಅದು. ಮುಂದಿನ ಕೋಣೆಯೇ ಅವನ ಟೈಲರ್ ಅಂಗಡಿ. ಎಲ್ಲಾ ಶುಕ್ರವಾರದಂತೆ ಇವತ್ತೂ ಮಧ್ಯಾಹ್ನವೇ ಷಟರ್ ಎಳೆದು ಬಂದಿದ್ದ.

ಟ್ರಂಕಿನಿಂದ ತಾನೇ ಹೊಲಿದ ಎರಡು ಮಾಸ್ಕ್ ತೆಗೆದ. ಒಗೆದೂ ಒಗೆದೂ ಅವುಗಳ ನೀಲಿ ಬಣ್ಣ ಬಿಳಿಚಿಕೊಂಡಿತ್ತು. ಒಂದನ್ನು ತಾನು ಕಟ್ಟಿಕೊಂಡು ಇನ್ನೊಂದನ್ನು ಮುದುಕಿಗೆ ಕೊಟ್ಟ. ಬಹಳ ಹೊತ್ತಿನಿಂದ ಹಿಡಿದು ಕೂತಿದ್ದ ಕನ್ನಡಿಯನ್ನು ಅವಳು ಕೆಳಗಿಟ್ಟಳು. ಮೂಗು ಬಾಯಿ ಮುಚ್ಚಿಕೊಂಡು, ತಲೆ ತುಂಬ ಸೆರಗು ಹೊದ್ದಳು. ಕಣ್ಣು ಮತ್ತು ಹಣೆಯ ಹಸಿರು ಹಚ್ಚೆ ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ.

"ಇನ್ನೊಂಚೂರು ಹಿಂದಕ್ಕೆ ಕುಂತ್ಕ. ಬೆಳಕಿಗೆ ಬರಬ್ಯಾಡ," ಎಂದ ಪರಮೇಶ. ಅಷ್ಟರಲ್ಲಿ ಫೋನ್ ಬಂತು.

ಪರದೆಯಲ್ಲಿ ತಂಗಿ ಶಾಂತಿ. ಗಲ್ಫ್ ದೇಶವೊಂದಕ್ಕೆ ಮನೆಗೆಲಸಕ್ಕೆಂದು ಹೋದವಳು. ವಾರಕ್ಕೊಮ್ಮೆ ಮನೆಯ ಯಜಮಾನಿ ತನ್ನ ಫೋನು ಕೊಟ್ಟು ಊರಿಗೆ ಮಾತಾಡಿಸುತ್ತಾಳೆ. ಶಾಂತಿಯ ಮುಖದ ಮೇಲೂ ಮಾಸ್ಕ್ ಇತ್ತು.

"ಅಲ್ಲಿ ಹೆಂಗೈತೆ ಶಾಂತಿ?"

"ಬಾಳ ಬಿಗಿ ಐತಣ್ಣ. ಈ ದೇಶದಾಗೆ ರೂಲ್ಸ್ ಅಂದ್ರೆ ರೂಲ್ಸೇ, ನಮ್ಮೂರಂಗಲ್ಲ. ಕೆಲಸದೋರು ಗೇಟು ದಾಟಂಗಿಲ್ಲ. ಮೇಡಂ ಮನೆಯೋರಿಗೆ ಪಾಸ್ ಐತೆ, ಅವ್ರು ಹೋಗಿ ಬರ್ತಾರೆ. ನಂಗೇನೂ ಬೇಜಾರಿಲ್ಲ. ಜನ ಸಾಯಬಾರ್ದು ಅಂತ ತಾನೆ ಮಾಡಿರಾದು? ನಮ್ಮೋರೂ ಹಿಂಗೇ ಬಿಗಿ ಮಾಡಿದ್ರೆ ಎಷ್ಟು ಜೀವ ಉಳೀತಿದ್ವೋ."

ಹೊರದೇಶಕ್ಕೆ ಹೋದವರಿಗೆ ಆ ದೇಶದ ಮೇಲೆ ಅಭಿಮಾನ ಬೇಗ ಹುಟ್ಟುತ್ತದೆ, ಅದರ ಬೀದಿಯನ್ನೇ ಸರಿಯಾಗಿ ನೋಡಿರದವರಿಗೂ. ಪರಮೇಶ ತಲೆ ತಗ್ಗಿಸಿದ.

"ಅವ್ವ, ಉಂಡ್ಯಾ?"

ಮುದುಕಿ ತಲೆಯಾಡಿಸಿ ಕೆಮ್ಮಿದಳು.

"ಮಾತಾಡಿಸಬ್ಯಾಡ, ಗಂಟ್ಲು ಕಟ್ಟೈತೆ," ಎಂದು ಪರಮೇಶ ಅಡ್ಡ ಬಂದ.

"ಯಾವಾಗ್ಲೂ ಕಟ್ಟಿರ್ತೈತೆ. ಅವ್ವ, ಒಂದ್ಸಲ ಮಾಸ್ಕ್ ಇಳಿಸು. ನಿನ್ನ ಮಕ ನೋಡ್ಬೇಕು. ಕನಸಿನಾಗೆ ಬಂದ್ರೂ ಮಾಸ್ಕ್ ಹಾಕ್ಕಂಡೇ ಬರ್ತೀಯ."

ಮುದುಕಿಯ ಕೈ ಮಾಸ್ಕಿನ ದಾರಕ್ಕೆ ಹೋಯಿತು. ಪರಮೇಶ ಫೋನನ್ನು ಸರಕ್ಕನೆ ತನ್ನ ಕಡೆ ತಿರುಗಿಸಿಕೊಂಡ. "ಡಾಕ್ಟ್ರು ಬ್ಯಾಡ ಅಂದಾರೆ. ಇದೆಲ್ಲ ಮುಗೀಲಿ ತಡಿ, ಕಣ್ತುಂಬ ನೋಡೀಯಂತೆ."

ಶಾಂತಿ ತಿರುಗಿ ಬಾಗಿಲ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ಅಣ್ಣ, ಟೆರೇಸಿನಾಗೆ ಬಟ್ಟೆ ಒಣಗಾಕಾಗ ಪಕ್ಕದ ಮನೆ ಕೆಲಸದ ಹುಡುಗಿ ನನ್ನ ಮಾಸ್ಕ್ ನೋಡಿ ನಗ್ತಿದ್ಲು. ಯಾವ ದೇಶದೋಳೋ, ಅವಳ ಮಾತು ನಂಗೆ ತಿಳೀದು. ಯಾಕೋ ಅನುಮಾನ ಬಂತು. ಈಗ ಮೇಡಂ ಟೆರೇಸ್ ಬಾಗಿಲಿಗೂ ಬೀಗ ಹಾಕ್ಸವ್ರೆ, ರೋಗ ಗಾಳಿಯಾಗೂ ಬರ್ತೈತಂತೆ. ಅಲ್ಲೇನಂತಾರಣ್ಣ? ವಿಮಾನ ಬಿಟ್ರಾ? ನನ್ನ ಪಾಸ್‌ಪೋರ್ಟ್ ಮೇಡಂ ಹತ್ರಾನೇ ಐತೆ. ವಿಮಾನ ಬಿಟ್ಟ ದಿನ ಕೊಟ್ಟು ಕಳಿಸ್ತೀನಿ ಅಂದಾರೆ. ನಂಗೆ ಊರಿಗೆ ಬರಬೇಕು ಅನ್ಸೈತೆ."

ಪರಮೇಶ ಮಂಚದ ಕಡೆ ನೋಡಿದ. ಮುದುಕಿ ಅವನನ್ನೇ ನೋಡುತ್ತಿದ್ದಳು.

"ಇನ್ನೂ ಇಲ್ಲ ಕಣವ್ವ. ಮತ್ತೊಂದು ಅಲೆ ಬರ್ತೈತೆ ಅಂತಾರೆ."

"ಹಂಗಾದ್ರೆ ಸರಿ ಬಿಡು. ಬರೀ ಮೇಡಂ ಹೇಳಿದ್ರೆ ನಾನು ನಂಬ್ತಿರಲಿಲ್ಲ. ನೀನೂ ಹೇಳ್ತೀಯಲ್ಲ."

ಪರದೆ ಕಪ್ಪಾಯಿತು.

ಮುದುಕಿ ಮಾಸ್ಕ್ ಕಿತ್ತು ಪಕ್ಕಕ್ಕೆಸೆದಳು. ಸೆರಗಿನ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹಣೆ ಉಜ್ಜಿಕೊಂಡಳು. ಹಚ್ಚೆಯ ಹಸಿರು ಸೆರಗಿಗೆ ಬಂತು. ಆ ಹಚ್ಚೆ ಇದ್ದದ್ದು ಪರಮೇಶನ ತಾಯಿ ದ್ಯಾಮಮ್ಮನ ಹಣೆಯ ಮೇಲೆ. ಅದನ್ನು ಸ್ಕೆಚ್ ಪೆನ್ನಿನಲ್ಲಿ ಬರೆದುಕೊಂಡು ಕೂತಿದ್ದವಳು ದ್ಯಾಮಮ್ಮನ ನಾದಿನಿ ಕೆಂಚಕ್ಕ.

ದ್ಯಾಮಮ್ಮ ಎರಡನೇ ಅಲೆಯಲ್ಲಿ ಹೋಗಿಬಿಟ್ಟಳು. ಪ್ಲಾಸ್ಟಿಕ್ ಸುತ್ತಿ ಕೊಟ್ಟ ತಾಯಿಯ ಮುಖವನ್ನು ಪರಮೇಶನೂ ಸರಿಯಾಗಿ ನೋಡಲಿಲ್ಲ. ಅವಳು ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದಾಗ ಶಾಂತಿ, "ಅವ್ವ ಇಲ್ಲ ಅಂದ ದಿನ ನಾನೂ ಇರಾಕಿಲ್ಲ," ಎಂದಿದ್ದಳು. ಶಾಂತಿ ಆಡಿದ್ದನ್ನು ಮಾಡುವ ಹೆಣ್ಣು. ಪರಮೇಶ ಹೆದರಿದ. ಒಂದು ಶುಕ್ರವಾರ ದಾಟಿದರೆ ಸಾಕೆಂದು ಸೋದರತ್ತೆಗೆ ತಾಯಿಯ ಸೀರೆ ಉಡಿಸಿದ. ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಎನ್ನುತ್ತಾರೆ. ಅವನು ಎಣಿಸುವುದನ್ನು ಬಿಟ್ಟಿದ್ದ.

"ಸತ್ತೋಳ ಸೀರೆ ಉಟ್ಟೂ ಉಟ್ಟೂ ಈಗ ಅವಳ ಕೆಮ್ಮೇ ನಂಗೂ ಬರ್ತೈತೆ ಪರಮೇಶಿ," ಎಂದಳು ಕೆಂಚಕ್ಕ. "ರಾತ್ರಿ ಎದ್ದು ಕುಂತ್ರೆ, ಕೆಮ್ಮಿದ್ದು ನಾನೋ ಅವಳೋ ತಿಳಿಯಂಗಿಲ್ಲ. ಆ ಹುಡುಗಿ ಮೇಡಂನ ನಂಬಿಲ್ಲ ಕಣಪ್ಪ. ನಿನ್ನ ನಂಬೈತೆ. ಹೇಳಿಬಿಡು."

"ಮುಂದಿನ ಶುಕ್ರವಾರ ಹೇಳ್ತೀನತ್ತೆ."

ಆ ಮಾತನ್ನು ಕೆಂಚಕ್ಕ ಹಿಂದೆಯೂ ಕೇಳಿದ್ದಳು. ಪರಮೇಶ ಎರಡೂ ಮಾಸ್ಕ್ ಮಡಿಸಿ ಟ್ರಂಕಿನಲ್ಲಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಗಿ, ಸಂದಿಯ ಪಂಚೆ ಎಳೆದು ಕಿಟಕಿ ತೆರೆದ.

ಶಿವಮೊಗ್ಗದ ಬಸ್ಸು ಬಾಗಿಲ ತನಕ ಜನ ತುಂಬಿಕೊಂಡು ಹೊರಟಿತ್ತು. ಟೀ ಅಂಗಡಿಯ ಮುಂದೆ ಗಂಡಸರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಕಾಲೇಜು ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ಬಾಯ್ತುಂಬ ನಗುತ್ತಾ ಹೋದರು. ಯಾರ ಮುಖದ ಮೇಲೂ ಮಾಸ್ಕ್ ಇರಲಿಲ್ಲ.

ಹೊಳಲ್ಕೆರೆಯಲ್ಲಿ ಕೊರೊನಾ ನಿರ್ಬಂಧಗಳು ಮುಗಿದು ಮೂರು ವರ್ಷ ದಾಟಿತ್ತು. ಶಾಂತಿ ಇರುವ ದೇಶದಲ್ಲೂ ಅಷ್ಟೇ.